ಒಂದು ರೆಪ್ಪೆಯಷ್ಟು ತಡ

ಬೆಂಡಿಗೋದಲ್ಲಿ ಡಿಸೆಂಬರಿನ ಕತ್ತಲೆಂದರೆ ಸಂಕೋಚದ ನೆಂಟ.
ಒಂಬತ್ತು ಹೊಡೆದರೂ ಹೊಸಿಲಾಚೆ ನಿಂತು
ಬರಲೋ ಬೇಡವೋ ಎನ್ನುತ್ತದೆ.
ಮಕ್ಕಳು ಆಕಳಿಸುತ್ತವೆ. ತಗಡಿನ ಸೂರು
ಹಗಲಿನ ಕಾವನ್ನು ಇನ್ನೂ ಟಿಕ್ಕು ಟಿಕ್ಕೆಂದು ಕಾರುತ್ತಿರುತ್ತದೆ.

ಪಕ್ಕದ ಮನೆಯ ಮರ್ವಿನ್ ಪೆಂಗೆಲಿ, ಎಪ್ಪತ್ತನಾಲ್ಕು,
ಟೆಲಿಫೋನ್ ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡವನು,
ಈ ಕ್ರಿಸ್‌ಮಸ್ಸಿಗೆ ನಾಲ್ಕು ಸಾವಿರ ದೀಪ ಕುಣಿಸುತ್ತೇನೆಂದು
ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿದ:
ಸೂರಿಗೊಂದು ಪೆಟ್ಟಿಗೆ, ಬೇಲಿಗೆರಡು, ನಿಂಬೆಗಿಡಕ್ಕೊಂದು.
"ಹೇಳು ವಾರಿಜಾ, ಇವಕ್ಕೆಲ್ಲ ಹಾಡಿನ ತಾಳವನ್ನು
ವೈರಿನಲ್ಲಿ ಕಳಿಸಲೋ, ಗಾಳಿಯಲ್ಲಿ ತೂರಲೋ?"

ನನ್ನನ್ನು ಕೇಳಿದರೆ?
ನಾನು ಆಸ್ಪತ್ರೆಯಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವವಳು.
ನಮ್ಮ ಕಡೆ, ಎಂದೆ, ತಂತಿ ಬಂತೆಂದರೆ
ಒಡೆದು ಓದುವ ಮೊದಲೇ ಮನೆಯಲ್ಲಿ ಅಳು.
ಗಾಳಿಯಲ್ಲೇ ಕಳಿಸು ಮಾರಾಯ.

ಹಾಗೇ ಆಯಿತು.
ನವೆಂಬರಿನ ಖಾಲಿ ರಾತ್ರಿಗಳಲ್ಲಿ ಜಿಂಕೆ ಓಡಿತು,
ಸೂರಿನಂಚಿನಿಂದ ನೀಲಿ ತೊಟ್ಟಿಕ್ಕಿತು.
ಬಿಯರಿನ ಕ್ಯಾನೆತ್ತಿ ನನಗೊಂದು ಸಲಾಮು ಹೊಡೆದ.

ಮೊದಲ ಶನಿವಾರ ಬೀದಿ ತುಂಬ ಜನ.
ಎತ್ತಿದ ಕೈಗಳಲ್ಲೆಲ್ಲ ಫೋನು.
ಗಾಳಿಯೊಳಗೆ ಕಾಣದ ಸಂತೆ,
ಯಾರ ಕೂಗು ಯಾರ ಕಿವಿಗೂ ಇಲ್ಲ.
ಜಿಂಕೆ ಒಂದು ಕಾಲೆತ್ತಿ ನಿಂತುಬಿಟ್ಟಿತು
ಕಂಬ ಕಂಡ ನಾಯಿಯಂತೆ.
ಸೂರು ಹಸಿರಿನಲ್ಲೇ, ಬೇಲಿ ಕೆಂಪಿನಲ್ಲೇ,
ಹಾಡು ಮಾತ್ರ ತನ್ನ ಪಾಡಿಗೆ ಮುಂದೆ ಹೋಯಿತು.
ಮುಗಿಯಿತೆಂದುಕೊಂಡು ಒಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಮರುದಿನ ಮರ್ವಿನ್ ಬೈಯಲಿಲ್ಲ. ಗುದ್ದಲಿ ಕೊಟ್ಟ.
"ಗಾಳಿಯದೇನೂ ತಪ್ಪಿಲ್ಲ. ಯಾರೂ ಇಲ್ಲದಾಗ
ಅಳೆದು ನೋಡಿದೆವಲ್ಲ, ಅದು ತಪ್ಪು."

ಚಿನ್ನಕ್ಕೆಂದು ಅಗೆದೂ ಅಗೆದೂ ಆದ ಊರು ಇದು.
ನಮಗೆ ಸಿಕ್ಕಿದ್ದು ಬೆಣಚುಕಲ್ಲು, ಒಂದು ಗೋಲಿ,
ಯಾವ ಬೀಗದ್ದೋ ಕೀಲಿಕೈ.
ಪಾಸಮ್ಮು ಕಡಿಯದಂತೆ ಕೊಳವೆಯೊಳಗೆ ಕೇಬಲ್ಲು.
ಅವನ ಬೆರಳು ನಡುಗುತ್ತದೆಂದು ತುದಿ ಕಟ್ಟಿದ್ದು ನಾನು,
ಅವನು ಮಗ್ಗಿ ಹೇಳಿಕೊಟ್ಟಂತೆ ಹೇಳಿದ್ದು:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಎರಡೂ ತುದಿಗೆ ಚೀಟಿ ಅಂಟಿಸಿದೆ. ಅದು ನನಗೆ ಬರುತ್ತದೆ.

ಉಳಿದದ್ದು ನಕ್ಷೆಯ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಚುಕ್ಕಿ.
ಬೀದಿಯಾಚೆ, ಡೋರೀನ್ ಕ್ವಿಲ್ಟರಳ ಮರದ ತುದಿಗೆ ನಕ್ಷತ್ರ.
ಎಂದೋ ಕಡಿದ ಒಂದು ಕೊಂಬೆಗಾಗಿ
ಹನ್ನೊಂದು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ.
ಅಲ್ಲಿಗೆ ಅಗೆಯುವಂತಿಲ್ಲ: ನಡುವಿನ ಟಾರು ನಗರಸಭೆಯದು.

ಕೇಳಲು ನಾನೇ ಹೋದೆ.
"ಬೇಕಾದರೆ ಅವನೇ ಬಂದು ಕೇಳಲಿ" ಎಂದು
ಬಾಗಿಲು ಮುಕ್ಕಾಲು ಮುಚ್ಚಿ,
ಉಳಿದ ಕಾಲುಭಾಗದಿಂದ ಹೇಳಿದಳು:
"ಪ್ಲಗ್ಗು ವರಾಂಡದಲ್ಲಿದೆ."

ಮುಂದಿನ ಶನಿವಾರ ಎಲ್ಲವೂ ತಾಳಕ್ಕೆ ಸರಿಯಾಗಿ:
ಸೂರು, ಬೇಲಿ, ಜಿಂಕೆಯ ನಾಲ್ಕೂ ಕಾಲು.
ನಕ್ಷತ್ರವೊಂದೇ, ನಿಸ್ತಂತು,
ಪ್ರತಿ ಬಡಿತಕ್ಕೂ ಒಂದು ರೆಪ್ಪೆಯಷ್ಟು ತಡ.
"ಒಂದು ಅಂಕಿ ಬದಲಿಸಿದರೆ ಸರಿಹೋಗುತ್ತೆ" ಎಂದೆ.
"ಗೊತ್ತು" ಎಂದ. ಬದಲಿಸಲಿಲ್ಲ.

ಆಚೆ ಡೋರೀನ್ ವರಾಂಡದಲ್ಲಿ
ಪ್ಲಗ್ಗಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತಿದ್ದಳು,
ಯಾರಾದರೂ ಬಂದು ಕಿತ್ತುಬಿಟ್ಟಾರೆಂದು
ಕಾವಲಿಗೆ ಕೂತವಳ ಹಾಗೆ.