ಈ ತಿಂಗಳು ನೆರೀನಾ ಏನು ಮಾಡಿದಳು

ನಮೂನೆಯ ನಾಲ್ಕನೆಯ ಕಾಲಂ: ಉತ್ಪಾದನೆ.
ಉಳಿದವರದು ತುಂಬಿದ್ದೇನೆ.
ತುಲ್ಲಿಯೋ, ಒಂಬತ್ತು ಸಾವಿರ ಸಾಲು.
ಯೂರಿ, ಆರು ಸಾವಿರ ಚಿಲ್ಲರೆ, ಜೊತೆಗೆ
ಬಣ್ಣ ಬದಲಿಸುವ ಒಂದು ಗುಂಡಿ.
ನೆರೀನಾ ಕೊಸ್ಸುತ್ತಾ, ಆರ್ಕಿಟೆಕ್ಟ್:
ಕಳೆ ಹನ್ನೊಂದು ಸಾವಿರ.
ನನ್ನ ಪುಸ್ತಕದಲ್ಲಿ ಕಳೆ ಎಂದರೆ ನಷ್ಟ.
ಅವಳ ಪಾತಿಯಲ್ಲಿ ಕಳೆ ಕೀಳುವುದೇ ಕೆಲಸ.

ತ್ರಿಯೆಸ್ತೆ ಬಂದರಿನ ಕಾಫಿ ಗೋದಾಮು ನಮ್ಮದು.
ಸಾಂತೋಸ್‌ನಿಂದ, ಮೊಂಬಾಸಾದಿಂದ ಮೂಟೆ ಇಳಿಯುತ್ತವೆ,
ತಕ್ಕಡಿ ತೂಗುತ್ತದೆ, ಕಂಪ್ಯೂಟರು ಬರೆದುಕೊಳ್ಳುತ್ತದೆ.
ಹಳೆಯದು ಕೆಮ್ಮುತ್ತಿತ್ತು. ಹೊಸದು ಬೇಕೆಂದು
ಹೋದ ಮಾರ್ಚಿನಲ್ಲಿ ಸಭೆ.

ತುಲ್ಲಿಯೋ ರಸ್ಟ್ ಎಂದ. ಯೂರಿ ಗೋ ಎಂದ.
ಮಿಲಾನಿನ ಹೆಡ್ಡಾಫೀಸು ಕಳಿಸಿದ ಸಲಹೆಗಾರ
ಇಬ್ಬರಿಗೂ ನಕ್ಕು ಹದಿನೆಂಟು ಡಬ್ಬಿಗಳ ಚಿತ್ರ ತೋರಿಸಿದ,
ಡಬ್ಬಿಯಿಂದ ಡಬ್ಬಿಗೆ ಬಾಣ.
ಕೂಸು ಹುಟ್ಟುವ ಮುಂಚೆ
ಕುಲಾವಿಗೆ ಯಾವ ದಾರವೆಂದು ಮೂರು ಗಂಟೆ ಜಗಳ.

ನೆರೀನಾ ಕೇಳಿದ್ದು ಇಷ್ಟು:
ರಾತ್ರಿ ಮೂರಕ್ಕೆ ಕೆಟ್ಟರೆ ಏಳುವವರು ಯಾರು?
ಎದ್ದವನಿಗೆ ಇದು ಓದಲು ಬರುತ್ತದಾ?
ತಂತಿ ಕಡಿದಾಗ ತಕ್ಕಡಿ ಏನು ಮಾಡಬೇಕು?

ಸಹಿ ಹಾಕಿಸಲು ಬಂದು ಬಾಗಿಲಲ್ಲೇ ನಿಂತಿದ್ದ
ತಕ್ಕಡಿಯ ಎಜಿಡಿಯೋ ಹೇಳಿದ:
ತೂಗಬೇಕು. ಇನ್ನೇನು?

ಅವನ ರಸೀದಿಯ ಬೆನ್ನಿಗೆ ಅವಳು ಒಂದು ಗೆರೆ ಎಳೆದಳು.
ಈಚೆ ತಕ್ಕಡಿ, ಆಚೆ ಲೆಕ್ಕ.
ಈಚಿನದು ಆಚಿನದರ ಹಂಗಿಲ್ಲದೆ ಬದುಕಬೇಕು.
ಆಮೇಲೆ ಭಾಷೆ: ಎಲ್ಲರಿಗೂ ಬರುವ ಹಳೆಯ ಜಾವಾ.
ತುಲ್ಲಿಯೋ ಒಂದು ವಾರ
ಅವಳ ಮೇಜಿಗೆ ಊಟಕ್ಕೆ ಬರಲಿಲ್ಲ.

ತಪ್ಪೇ ಮಾಡದವಳೇನಲ್ಲ.
ಹತ್ತು ವರ್ಷದ ಹಿಂದೆ ಅವಳು ಆರಿಸಿದ ಡೇಟಾಬೇಸು
ಇವತ್ತಿಗೂ ಪ್ರತಿ ಗುರುವಾರ ಕುಂಟುತ್ತದೆ.
ಅದು ನನ್ನದು, ಎನ್ನುತ್ತಾಳೆ, ಯಾರೂ ಕೇಳುವ ಮೊದಲೇ.

ಈ ಊರಿನ ಗಾಳಿಗೆ ಬೋರಾ ಎಂದು ಹೆಸರು.
ಬೆಟ್ಟದಿಂದ ಕಡಲಿಗೆ ಧುಮುಕುತ್ತದೆ,
ದಾರಿಯ ಸ್ಕೂಟರುಗಳನ್ನೆಲ್ಲ ಮಲಗಿಸುತ್ತದೆ.
ನನ್ನಜ್ಜಿಯ ಕಾಲದಲ್ಲಿ ಬೀದಿ ಮೂಲೆಗಳಿಗೆ ಹಗ್ಗ ಬಿಗಿಯುತ್ತಿದ್ದರಂತೆ,
ಜನ ಹಿಡಿದು ನಡೆಯಲೆಂದು.
ಗಾಳಿ ಬಂದಾಗ ತೂರಿಕೊಳ್ಳುವ ಜಾಣರು ಎಲ್ಲೆಡೆ ಇದ್ದಾರೆ;
ಗಾಳಿಯಿಲ್ಲದ ದಿನ ಹಗ್ಗ ಬಿಗಿದವನ ಹೆಸರು
ಅಜ್ಜಿಗೂ ಗೊತ್ತಿರಲಿಲ್ಲ.

ಹದಿಮೂರರ ರಾತ್ರಿ ತಂತಿ ಹೋಯಿತು.
ಪಕ್ಕದ ಗೋದಾಮಿನೆದುರು ಬೆಳಗಿನವರೆಗೂ ಲಾರಿಗಳ ಸಾಲು.
ನಮ್ಮಲ್ಲಿ ತಕ್ಕಡಿ ತೂಗಿತು, ತನ್ನೊಳಗೇ ಬರೆದಿಟ್ಟುಕೊಂಡಿತು,
ತಂತಿ ಬಂದ ಮೇಲೆ ಒಪ್ಪಿಸಿತು:
ನಾನೂರ ಹನ್ನೆರಡು ಮೂಟೆ.
ನಾನೇ ಎಣಿಸಿದೆ, ಎರಡು ಸಲ.
ತಂತಿ ಹೋಗಿತ್ತೆಂಬುದೇ ಎಜಿಡಿಯೋಗೆ ತಿಳಿಯಲಿಲ್ಲ.
ನೆರೀನಾ ಮನೆಯಲ್ಲಿ ಮಲಗಿದ್ದಳು.
ಬಾರದ ಫೋನನ್ನು ಯಾವ ಖಾತೆಗೆ ಹಾಕಲಿ?

ನಾಲ್ಕನೆಯ ಕಾಲಮ್ಮಿನಲ್ಲಿ "ನಿದ್ದೆ" ಎಂದು ಬರೆದೆ.
ಅಳಿಸಿದೆ, ಮಿಲಾನಿನವರು ತಪ್ಪು ತಿಳಿದಾರು.
"ಒಂದು ಗೆರೆ" ಎಂದು ಬರೆದು
ಆ ರಸೀದಿಯನ್ನೇ ಪಿನ್ನು ಚುಚ್ಚಿ ಲಗತ್ತಿಸಿದೆ.
ಕಳಿಸೋಣವೆಂದರೆ
ಪರದೆಯ ಮೇಲೆ ಗಡಿಯಾರ ತಿರುಗುತ್ತಲೇ ಇದೆ.
ಇವತ್ತು ಗುರುವಾರ.