ಏಳನೆಯ ಪ್ರಶ್ನೆ

ಹತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ,
ಒಂದೊಂದರ ಕೆಳಗೂ ಉತ್ತರಕ್ಕೆ ಮೂರು ಸಾಲು ಜಾಗ ಬಿಟ್ಟು.
ಟಾರ್ಟುವಿನಲ್ಲಿ ನವೆಂಬರ್; ಮಧ್ಯಾಹ್ನ ಮೂರಕ್ಕೇ ಬೀದಿದೀಪ.
ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ.
ಬಾಗಿಲು ತೆರೆದ ಹೆಲ್ಯು ತಾಂಬೆರ್ಗ್
ಮುಖಕ್ಕಿಂತ ಮೊದಲು ನನ್ನ ಬೂಟು ನೋಡಿದರು.
"ಎಲ್ಲಿಯ ಕೆಸರು? ಒರೆಸಬೇಡ, ಇರಲಿ."

ಪರಾಗತಜ್ಞೆ. ಎಂಬತ್ತಮೂರು ವರ್ಷ.
ತಜ್ಞರನ್ನು ಮಾತಾಡಿಸದ ಪ್ರಬಂಧಕ್ಕೆ
ಐದು ಅಂಕ ಕಡಿತ ಎಂದಿದ್ದರು ಮೇಷ್ಟ್ರು.
ಐದು ಅಂಕಕ್ಕೆ ಬಂದವಳು ನಾನು, ಸುಳ್ಳೇಕೆ.

ಫೋನು ಮೇಜಿನ ಮೇಲೆ. ಕೆಂಪು ಚುಕ್ಕಿ.
ಒಂದನೆಯದಕ್ಕೆ: "ಇದು ನಿನ್ನ ಪಠ್ಯದಲ್ಲೇ ಇದೆ. ಮುಂದೆ."
ಎರಡನೆಯದಕ್ಕೆ: "ಇದು ಪ್ರಶ್ನೆಯಲ್ಲ, ಹೊಗಳಿಕೆ."
ಮೂರನೆಯದಕ್ಕೆ "ಗೊತ್ತಿಲ್ಲ" ಅಂದರು,
ಕನ್ನಡಕ ಎಲ್ಲಿಟ್ಟೆನೋ ಅನ್ನುವಷ್ಟು ಸಲೀಸಾಗಿ.
ತಜ್ಞರೂ ಹಾಗನ್ನಬಹುದೆಂದು ಯಾರೂ ನನಗೆ ಹೇಳಿರಲಿಲ್ಲ;
ಮೂರು ಸಾಲಿನ ಜಾಗದಲ್ಲಿ ಒಂದೇ ಪದ ಬರೆದು ಪೆನ್ನು ಎತ್ತಿ ಹಿಡಿದೆ.

ಆಮೇಲೆ ಎದ್ದು ಫ್ರೀಜರ್ ತೆರೆದರು.
ಕಾಡುಹಣ್ಣಿನ ಡಬ್ಬಿ, ಎರಡು ಮೀನು, ಅದರ ಪಕ್ಕ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಪ್ಪು ದಿಂಡು, ಲಟ್ಟಣಿಗೆ ದಪ್ಪ:
ಜೌಗಿನ ಹೊಟ್ಟೆ ಕೊರೆದು ತೆಗೆದದ್ದು.
"ಒಂದು ಮೊಳಕ್ಕೆ ನಾನೂರು ಚಿಲ್ಲರೆ ವರ್ಷ.
ಹೂವು ಉಳಿಯುವುದಿಲ್ಲ ಮಗೂ, ಹೂವಿನ ಧೂಳು ಉಳಿಯುತ್ತೆ."

ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ.
ಪೈನ್ ಪರಾಗಕ್ಕೆ ಇಲಿಮರಿಯ ಹಾಗೆ ಎರಡು ಕಿವಿ.
ರೈ ದೊಡ್ಡದು, ಉದ್ದುದ್ದ, ಮೈಗೆ ಒಂದೇ ತೂತು.
"ಪೈನ್ ತಾನಾಗಿ ಬರುತ್ತೆ. ರೈಯನ್ನು ಯಾರೋ ತರಬೇಕು.
ರೈ ಕಂಡರೆ ಹತ್ತಿರದಲ್ಲೊಂದು ಒಲೆ ಉರಿದಿತ್ತು ಅಂತ ತಿಳಿ."

ಏಳು: ನಿಮ್ಮ ಅತಿ ಮುಖ್ಯ ಶೋಧನೆ ಯಾವುದು?

ಸುರುಳಿ ಬಿಚ್ಚಿದರು. ಪೆನ್ಸಿಲ್ ಗೆರೆ, ಬುಡದಿಂದ ಮೇಲಕ್ಕೆ.
ಶತಮಾನಗಳುದ್ದಕ್ಕೂ ರೈ, ರೈ, ರೈ,
ಎಂಟು ಸೆಂಟಿಮೀಟರಿನ ಆಳದಲ್ಲಿ ಸಟಕ್ಕನೆ ಸೊನ್ನೆ.
ಬೆನ್ನಿಗೇ ಬರ್ಚ್, ಪಾಳು ಹೊಲಕ್ಕೆ ಮೊದಲು ನುಗ್ಗುವ ಮರ.
"ಯಾವ ಊರಿನ ಜೌಗು?"
"ನಮ್ಮ ಹೊಲದ ಹಿಂದಿನದು."
"ಯಾವ ವರ್ಷ?"

ಗೋಡೆ ಗಡಿಯಾರ.

"ನಲವತ್ತೊಂಬತ್ತರ ಮಾರ್ಚ್. ಕತ್ತಲಲ್ಲಿ ಬಂದರು.
ಅಮ್ಮ ನಾದಿಟ್ಟ ಹಿಟ್ಟು ಉಬ್ಬುತ್ತಿತ್ತು, ಮೇಲೊಂದು ಬಟ್ಟೆ.
ರೈಲಿನಲ್ಲಿ ಅದೇ ಅವಳ ಮಾತು:
ಈಗ ಅಂಚಿಗೆ ಬಂದಿರುತ್ತೆ, ಈಗ ನೆಲಕ್ಕಿಳಿದಿರುತ್ತೆ.
ಎಂಟು ದಿನ, ಹಿಟ್ಟಿನದೇ ಮಾತು."

ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ವಿಜ್ಞಾನಿ.
"ಇದನ್ನು ಬರೆಯಬೇಡ. ಒಂದೇ ದಿಂಡು, ಒಂದೇ ಜಾಗ,
ಇಪ್ಪತ್ತು ವರ್ಷ ಆಚೀಚೆ ಆಗಬಹುದು.
ನನಗೆ ಬೇಕಾದದ್ದು ನನಗೆ ಕಂಡಿದೆ.
ಬೇಕಾದದ್ದು ಕಂಡಾಗ ಮತ್ತೆ ಎಣಿಸಬೇಕು."
"ಎಣಿಸಿದಿರಾ?"
(ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ.)
"ಹನ್ನೊಂದು ಸಲ."

ಎಂಟು, ಒಂಬತ್ತು, ಹತ್ತು ನನ್ನ ಚೀಲದಲ್ಲೇ ಉಳಿದವು.
ಪ್ರಬಂಧದಲ್ಲಿ ಬರೆದೆ: ಏಳು, ದತ್ತಾಂಶ ಸಾಲದು.
ತಜ್ಞರನ್ನು ಇನ್ನಷ್ಟು ಒತ್ತಿ ಕೇಳಬೇಕಿತ್ತು,
ಎಂದಿತು ಕೆಂಪು ಶಾಯಿ. ಎರಡು ಅಂಕ ಹೋಯಿತು.
ಇಲ್ಲೂ ಬರೆಯಬಾರದಿತ್ತೇನೋ.

ಆ ಸಂಜೆ ಹೊರಡುವಾಗ ಅವರು ಬಾಗಿಲಲ್ಲಿ ಬಗ್ಗಿ
ಬೆಣ್ಣೆ ಸವರುವ ಚಾಕುವಿನಿಂದ ನನ್ನ ಬೂಟಿನ ಕೆಸರು ಕೆರೆದು
ಪುಟ್ಟ ಲಕೋಟೆಗೆ ತುಂಬಿಸಿದರು, ದಿನಾಂಕ ಹಾಕಿದರು.
"ಯಾವ ದಾರಿ?"
"ಬಸ್ ನಿಲ್ದಾಣದಿಂದ, ನದಿ ಬಳಸಿ."
"ಎಡದಂಡೆಯೋ, ಬಲದಂಡೆಯೋ?"
ಗೊತ್ತಿಲ್ಲ ಅಂದೆ.
ಅದನ್ನೂ ಬರೆದುಕೊಂಡರು.