ಹದಿನೇಳನೆಯ ಬೋಲ್ಟು

ಎಳೆಗೆ ಎಣ್ಣೆ ಸವರಿದ್ದೆ. ಬಟ್ಟೆಬತ್ತಿ ಇಳಿಸಿ
ತೂತಿನ ತಳದ ಎಣ್ಣೆ ಹೀರಿದ್ದೆ,
ತೊಟ್ಟು ಉಳಿದರೂ ಬ್ಲಾಕು ಸೀಳ್ತದೆ ಅಂತ
ಇನಾಯತ್ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿದ್ದರು.

ಅವ್ವ ಹಂಚಿನ ಮೇಲೆ ಅಕ್ಕಿರೊಟ್ಟಿ ತಟ್ಟುವ ಹಾಗೆ
ನಡುವಿನಿಂದ ಅಂಚಿಗೆ, ಓರೆಗೊಂದು ಓರೆಗೊಂದು,
ಇಪ್ಪತ್ತಾರು ಬೋಲ್ಟು, ಮೂರು ಸುತ್ತು.
ರೆಂಚು ಟಕ್ ಅಂದರೆ ನಿಲ್ಲಿಸಬೇಕು,
ಇನ್ನೊಂಚೂರು ಅನ್ನುವ ತೋಳಿನ ಮಾತು ಕೇಳಬಾರದು.
ಕೊನೆಗೆ ಎಲ್ಲಕ್ಕೂ ಕಾಲು ತಿರುವು,
ತಿರುವಿದ್ದಕ್ಕೆ ಸೀಮೆಸುಣ್ಣದ ಗೀಟು.

ಹದಿನಾರಕ್ಕೆ ಗೀಟು ಬಿದ್ದಿತ್ತು.
ಲಾರಿ ಮಾಲೀಕ ಚಿಕ್ಕಬೋರಪ್ಪ ಬಂದ:
"ಕಬ್ಬು ಕಡಿದು ಎರಡು ದಿನ ಆಯ್ತು ಕಣ್ಲಾ,
ಗದ್ದೇಲೇ ಒಣಗ್ತಾ ಅದೆ, ತೂಕ ಹೊಂಟೋಯ್ತದೆ."
ತಲೆ ಎತ್ತಿದೆ.
ತಗ್ಗಿಸುವಷ್ಟರಲ್ಲಿ
ಹದಿನೇಳು ತಿರುವಿದ್ದೆನೋ ಇಲ್ಲವೋ.

ರೆಂಚು ಇಟ್ಟೆ. ಟಕ್.
ತಿರುವಿದ್ದಕ್ಕೂ ತಿರುವದ್ದಕ್ಕೂ ಅದೇ ಸದ್ದು.
ಗೀಟೊಂದು ಎಳೆದುಬಿಟ್ಟರೆ ಯಾರಿಗೆ ಗೊತ್ತು,
ಗೆಜ್ಜಲಗೆರೆಯ ಈ ತಗಡಿನ ಶೆಡ್ಡಿನಲ್ಲಿ?

ಹೇಳಿದೆ.
ಮೇಸ್ತ್ರಿ ಬೀಡಿ ಆರಿಸಿದರು. "ಎಲ್ಲಾ ಬುಡು.
ಅಂಚಿಂದ ಒಳಕ್ಕೆ ಬಾ. ಗ್ಯಾಸ್ಕೆಟ್ ಹೊಸದು ಹಾಕು,
ಅರ್ಧ ದುಡ್ಡು ನಿಂದು, ಅರ್ಧ ನಂದು."

ಚಿಕ್ಕಬೋರಪ್ಪ ಬಯ್ದ. ಮಂಡ್ಯಕ್ಕೆ ಹೋಗಿ ಗ್ಯಾಸ್ಕೆಟ್ ತಂದವನೂ ಅವನೇ.
ಆಮೇಲೆ ಟೈರಿನ ಮೇಲೆ ಕೂತು
ಸೀಮೆಸುಣ್ಣ ತಾನೇ ಇಸಕೊಂಡ.
ನಾನು ತಿರುವಿದೆ, ಅವನು ಎಣಿಸಿ ಗೀಟೆಳೆದ.
ಹದಿನೇಳರ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಬಡಕೊಂಡಿತು;
ಬಡಕೊಳ್ಳಲಿ ಅಂತ ಬಿಟ್ಟ.

ಇಪ್ಪತ್ತೈದಕ್ಕೆ ಸುಣ್ಣ ಮುಗಿಯಿತು.
ಕೊನೆಯದಕ್ಕೆ ಉಗುರಿನಲ್ಲೇ ಗೀರಿದ,
ಜಿಡ್ಡಿನ ಮೇಲೆ, ಎರಡು ಸಲ.